ಮೂರು ಕಲ್ಲು, ಒಂದು ಮರಿ

ಅಡಿಕೆ ತೂಗುವ ಯಂತ್ರದ ಮೇಲೆ ಸೂಟ್‌ಕೇಸ್ ಇಟ್ಟೆ. 18 ಕೇಜಿ 400 ಗ್ರಾಂ. ಇರಬೇಕಾದದ್ದು 15. ಕತ್ತಲಗೆರೆಯ ನಮ್ಮ ಮನೆಯ ಪಡಸಾಲೆ ಮೂಲೆಯಲ್ಲಿರುವ ಆ ಯಂತ್ರ, ಚನ್ನಗಿರಿಯ ಅಡಿಕೆ ಸಹಕಾರ ಸಂಘ ತುಮ್ಕೋಸ್‌ಗೆ ಮಾಲು ಕಳಿಸುವ ಮುನ್ನ ಮನೆಯಲ್ಲೇ ಒಮ್ಮೆ ತೂಗಿ ನೋಡಲಿಕ್ಕೆ ಅಂತ ಇಟ್ಟುಕೊಂಡದ್ದು. ರಾಶಿ ಅಡಿಕೆಯ ಚೀಲ ಏರಿಸಿದಾಗೆಲ್ಲ ಅಂಕಿ ಮೇಲೆ ಹೋದಷ್ಟೂ ಮನಸ್ಸು ಹಗುರಾಗುತ್ತಿತ್ತು. ಅಂಕಿ ಇಳಿಯಲಿ ಎಂದು ಅದರ ಮುಂದೆ ಕೂತದ್ದು ಅವತ್ತೇ ಮೊದಲು.

ಮಗಳು, ಅಳಿಯ ಪುಣೆಯಲ್ಲಿದ್ದಾರೆ. ಮುಂಬಯಿಯಿಂದ ಹೊರಟು ಲಕ್ಷದ್ವೀಪದವರೆಗೆ ಹೋಗಿ ಬರುವ ಹಡಗಿನ ಪ್ರವಾಸಕ್ಕೆ ನಮ್ಮಿಬ್ಬರ ಹೆಸರನ್ನೂ ಸೇರಿಸಿದ್ದರು. ಬೆಂಗಳೂರಿನಿಂದ ಮುಂಬಯಿಗೆ ವಿಮಾನ. "ಅಮ್ಮಾ, ಒಬ್ಬೊಬ್ಬರಿಗೆ ಹದಿನೈದೇ ಕೇಜಿ, ಕೈಯಲ್ಲಿ ಏಳು. ರೊಟ್ಟಿ ಗಿಟ್ಟಿ ಅಂತ ತುಂಬಬೇಡ. ಹಡಗಿನೊಳಗೆ ಮನೆ ಅಡುಗೆ ಬಿಡಲ್ಲ" ಎಂದು ಮಗಳು ಎರಡೆರಡು ಸಲ ಹೇಳಿದ್ದಳು. ನಾನು ತುಂಬಿದ್ದೆ.

ಒಂದೊಂದಾಗಿ ತೆಗೆದು ಚಾಪೆಯ ಮೇಲೆ ಹರವಿದೆ. ನಲವತ್ತು ಕಡಕ್ ರೊಟ್ಟಿ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಬಟ್ಟೆ ಒಣಹಾಕಲು ನೈಲಾನ್ ಹಗ್ಗ. ಟಾರ್ಚು. ನಮ್ಮನೆಯವರಿಗೆ ಎರಡು ಸ್ವೆಟರ್. ಒಂದು ಹಳೇ ಸೀರೆ, ಹೊದೆಯಲಿಕ್ಕೂ ಆಯಿತು ಹಾಸಲಿಕ್ಕೂ ಆಯಿತು ಎಂದು. ಯಾವುದನ್ನು ಕೈಗೆತ್ತಿಕೊಂಡರೂ ಅದನ್ನು ಒಳಗಿಟ್ಟ ಗಳಿಗೆ ನೆನಪಾಗುತ್ತಿತ್ತು. ಅಲ್ಲಿಯ ಊಟ ಇವರಿಗೆ ಒಗ್ಗದಿದ್ದರೆ? ರಾತ್ರಿ ಕರೆಂಟು ಹೋದರೆ? ಚಳಿಯಾದರೆ? ಹೊದಿಕೆ ಸಾಲದಿದ್ದರೆ? ಒಂದೊಂದು ಸಾಮಾನಿಗೂ ಒಂದೊಂದು "ರೆ" ಅಂಟಿಕೊಂಡಿತ್ತು. ಹೆಚ್ಚಾಗಿದ್ದ ಮೂರು ಕೇಜಿ ನಾನೂರು ಗ್ರಾಂ ಅಷ್ಟೂ ಆ ಒಂದಕ್ಷರದ ತೂಕ ಎಂದು ಅಂದು ರಾತ್ರಿ ಹೊಳೆಯಿತು. ಹೊಳೆದದ್ದು ಮತ್ತೆ ಮನಸ್ಸಿನಿಂದ ಹೋಗಲಿಲ್ಲ.

ವಿಮಾನ ತೂಕ ಕೇಳುತ್ತದೆ, ಹಡಗು ಜಾಗ ಕೇಳುತ್ತದೆ. ಇದನ್ನು ಅಳಿಯ ವಿವರಿಸಿದರು. ಸಾವಿರಾರು ಟನ್ ತೂಗುವ ಹಡಗು ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸಿ ತೇಲುವಂಥದ್ದು. ನಮ್ಮ ಪೆಟ್ಟಿಗೆಯ ಮೂರು ಕೇಜಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಆದರೆ ಕೋಣೆ ಚಿಕ್ಕದು. ಪೆಟ್ಟಿಗೆ ಮಂಚದ ಕೆಳಗೆ ತೂರಬೇಕು, ಇಲ್ಲವಾದರೆ ಕಾಲಿಡಲು ಜಾಗವಿಲ್ಲ. ನಮ್ಮ ಸೀಮೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಅಡಿಕೆ ಕೊಂಡೊಯ್ಯುವವನಿಗೆ ತೂಕದ ಚಿಂತೆ, ಮಂಡಕ್ಕಿ ಕೊಂಡೊಯ್ಯುವವನಿಗೆ ಜಾಗದ ಚಿಂತೆ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಮೇಣದಬತ್ತಿ ಇವೂ ಬೇಡವಂತೆ. ಸುತ್ತ ಅಷ್ಟು ನೀರಿದ್ದರೂ ಹಡಗಿನವರು ಹೆದರುವುದು ಬೆಂಕಿಗೆ. ಒಳಗೆ ಹೊತ್ತಿಕೊಂಡರೆ ಎದ್ದು ಓಡಲು ಬೀದಿಯಿಲ್ಲವಲ್ಲ.

ವಿಮಾನಗಳು ಬರುವ ಮುಂಚೆ ಸಮುದ್ರ ದಾಟುತ್ತಿದ್ದವರು ವಾರಗಟ್ಟಲೆ ಹಡಗಿನಲ್ಲೇ ಇರುತ್ತಿದ್ದರು. ಅವರ ಟ್ರಂಕುಗಳಿಗೆ ಅಂಟಿಸಲು ಹಡಗಿನ ಕಂಪನಿಗಳೇ ಚೀಟಿ ಕೊಡುತ್ತಿದ್ದವು. ಕೆಲವು ಚೀಟಿಗಳ ಮೇಲೆ "ಪಯಣದಲ್ಲಿ ಬೇಕು" ಎಂದಿರುತ್ತಿತ್ತು, ಕೆಲವುಗಳ ಮೇಲೆ "ಪಯಣದಲ್ಲಿ ಬೇಡ" ಎಂದು. ಬೇಕಾದವು ಕೈಗೆ ಸಿಗುವ ಕಡೆ, ಬೇಡವಾದವು ಹಡಗಿನ ತಳದ ಉಗ್ರಾಣಕ್ಕೆ. ಬೇಡ ಎಂದರೆ ಎಸೆಯುವಂಥದ್ದಲ್ಲ. ದಾರಿಯಲ್ಲಿ ಬೇಡ, ದಡ ಸೇರಿದ ಮೇಲೆ ಬೇಕು. ಇದನ್ನು ತಿಳಿದಾಗ ನನಗೆ ನೆನಪಾದದ್ದು ಇರುಮುಡಿ.

ಶಬರಿಮಲೆಗೆ ಹೋಗುವವರ ತಲೆಯ ಮೇಲಿನ ಆ ಗಂಟಿಗೆ ಎರಡು ಭಾಗ. ಮುಂದಿನ ಮುಡಿ ಸ್ವಾಮಿಗೆ. ತುಪ್ಪ ತುಂಬಿ ಬಾಯಿ ಮುಚ್ಚಿದ ತೆಂಗಿನಕಾಯಿ ಅದರಲ್ಲಿರುತ್ತದೆ, ದಾರಿಯಲ್ಲಿ ಅದನ್ನು ಮುಟ್ಟುವಂತಿಲ್ಲ. ಹಿಂದಿನ ಮುಡಿ ಹೊತ್ತವನಿಗೆ. ಅದರೊಳಗಿನ ಅಕ್ಕಿ, ಬೆಲ್ಲ, ಅವಲಕ್ಕಿ ಕಾಡುದಾರಿಯಲ್ಲಿ ಕರಗುತ್ತಾ ಹೋಗಬೇಕು. ಒಂದು ಇದ್ದಂತೆಯೇ ಮುಟ್ಟಬೇಕು, ಇನ್ನೊಂದು ಮುಟ್ಟುವ ಹೊತ್ತಿಗೆ ಮುಗಿಯಬೇಕು. ಗಂಟು ಕಟ್ಟುವುದರ ಬಗ್ಗೆ ಇದಕ್ಕಿಂತ ಚೊಕ್ಕವಾದ ವಿವೇಕವನ್ನು ನಾನು ಬೇರೆಲ್ಲೂ ಕಂಡಿಲ್ಲ. ತೆಂಗಿನಕಾಯಿಯನ್ನು ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯಲು ನಮ್ಮಲ್ಲಿ ಬಿಡುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆ ವರ್ಷದ ಯಾತ್ರೆಯ ದಿನಗಳಿಗಷ್ಟೇ ಇರುಮುಡಿಯ ಕಾಯಿಗೆ ವಿನಾಯಿತಿ ಕೊಟ್ಟಿತು. ಬೇರೆ ಯಾವ ಕಾಯಿಗೂ ಇಲ್ಲ, ಆ ಒಂದು ಕಾಯಿಗೆ. ಅದು ಸಾಮಾನಲ್ಲ, ಮುಟ್ಟಿಸಬೇಕಾದದ್ದು ಎಂದು ಸರ್ಕಾರವೂ ಒಪ್ಪಿದಂತೆ ನನಗೆ ಅನಿಸಿತು.

ನಮ್ಮ ಸೂಟ್‌ಕೇಸಿನಲ್ಲಿ ಮುಂದಿನ ಮುಡಿ ಯಾವುದು, ಹಿಂದಿನದು ಯಾವುದು?

ನಾನು ಚಿಕ್ಕವಳಿದ್ದಾಗ ತವರಿನ ಬೀದಿಯಿಂದ ಒಬ್ಬರು ಹಿರಿಯರು ಹಜ್‌ಗೆ ಹೊರಟರು. ಆಗ ಮುಂಬಯಿಯಿಂದ ಜಿದ್ದಾಕ್ಕೆ ಹಡಗು ಹೋಗುತ್ತಿತ್ತು. ಮೊಗಲ್ ಲೈನ್ ಎಂಬ ಕಂಪನಿ ಈ ಯಾತ್ರಿಕರನ್ನೇ ನೆಚ್ಚಿಕೊಂಡು ಬೆಳೆದದ್ದು. "ಅಕ್ಬರ್" ಎಂಬ ಹಡಗಿನ ಹೆಸರು ಹೋಗಿಬಂದವರ ಬಾಯಲ್ಲಿ ಊರ ಬಸ್ಸಿನ ಹೆಸರಿನಷ್ಟೇ ಸಲೀಸಾಗಿ ಬರುತ್ತಿತ್ತು. 1995ರಲ್ಲಿ ಆ ಹಡಗಿನ ದಾರಿ ನಿಂತು ಎಲ್ಲರೂ ವಿಮಾನ ಹತ್ತುವಂತಾಯಿತು. ಆ ಹಿರಿಯರು ಹೊರಡುವ ಹಿಂದಿನ ದಿನ ಅವ್ವನ ಜೊತೆ ನಾನೂ ನೋಡಲು ಹೋಗಿದ್ದೆ. ಹಸಿರು ಬಣ್ಣದ ತಗಡಿನ ಟ್ರಂಕು. ಅಕ್ಕಿ, ಬೇಳೆ, ಉಪ್ಪಿನಕಾಯಿ ಜಾಡಿ. ಎಲ್ಲದರ ತಳಕ್ಕೆ, ಹಳದಿ ಕಾಗದ ಹಾಸಿ, ಎರಡು ಜೊತೆ ಬಿಳಿ ಬಟ್ಟೆ. ಒಂದು ಇಹ್ರಾಮ್, ಹಜ್‌ನಲ್ಲಿ ಉಡುವ, ಹೊಲಿಗೆಯಿಲ್ಲದ ಎರಡು ತುಂಡು. ಇನ್ನೊಂದು ಏನು ಎಂದು ಕೇಳಿದೆ. ಅವರ ಮನೆಯಾಕೆ ನನ್ನ ತಲೆ ಸವರಿ, ಅದು ಕಫನ್ ಮಗಾ, ಅಲ್ಲೇ ತೀರಿಕೊಂಡರೆ ಬೇಕಾಗುತ್ತೆ ಎಂದರು. ದನಿಯಲ್ಲಿ ಅಳುಕಿರಲಿಲ್ಲ. ಉಪ್ಪಿನಕಾಯಿ ಬಗ್ಗೆ ಹೇಳಿದ ದನಿಯೇ ಅದು.

ಅಲ್ಲೂ "ರೆ" ಇತ್ತು. ಆದರೆ ಎಲ್ಲ "ರೆ"ಗಳಿಗಿಂತ ದೊಡ್ಡದನ್ನು ತಳದಲ್ಲಿ ಇಟ್ಟುಬಿಟ್ಟಿದ್ದರಿಂದ ಮೇಲಿನ ಚಿಕ್ಕಪುಟ್ಟವು ಬೇಕಾಗಿರಲಿಲ್ಲವೇನೋ. ಅದಕ್ಕೂ ಎರಡು ದಿನ ಮೊದಲು ಅವರು ನಮ್ಮ ಮನೆಗೆ ಬಂದಿದ್ದರು. ತೂಬಿನ ನೀರಿನ ವಿಷಯಕ್ಕೆ ನಮ್ಮಪ್ಪನಿಗೂ ಅವರಿಗೂ ಮಾತು ನಿಂತು ಎಷ್ಟೋ ವರ್ಷಗಳಾಗಿದ್ದವು. ಹೊಸ್ತಿಲ ಆಚೆಯೇ ನಿಂತು, "ಗೌಡ್ರೇ, ಹಡಗು ಹತ್ತಬೇಕು, ಇದೊಂದು ಹೊತ್ತುಕೊಂಡು ಹೋಗಾಕಾಗಲ್ಲ" ಎಂದರು. ಅಪ್ಪ ಎದ್ದು ಹೋಗಿ ಕೈ ಹಿಡಿದು ಒಳಗೆ ಕರೆತಂದರು. ಹಜ್‌ಗೆ ಹೊರಡುವವರು ಸಾಲ ತೀರಿಸಿ, ಮನಸ್ತಾಪವಿದ್ದವರ ಮನೆಗೆ ಹೋಗಿ ಕ್ಷಮೆ ಕೇಳಿಯೇ ಹೊರಡುವುದು ವಾಡಿಕೆ ಎಂದು ಆಮೇಲೆ ತಿಳಿಯಿತು. ಪೆಟ್ಟಿಗೆ ತುಂಬುವ ಮುಂಚೆ ಅವರು ಇಳಿಸುವುದನ್ನು ಇಳಿಸಿದ್ದರು. ಅವರು ತಿರುಗಿ ಬಂದರು. ಕಫನ್ ಕೂಡ ಅಲ್ಲಿಯ ಪವಿತ್ರ ಜಮ್‌ಜಮ್ ನೀರಿನಲ್ಲಿ ಅದ್ದಿ ಒಣಗಿಸಿಕೊಂಡು ಅದೇ ಟ್ರಂಕಿನಲ್ಲಿ ಬಂತು, ಇನ್ನೂ ಬಹಳ ವರ್ಷ ಅಲ್ಲೇ ಇತ್ತು.

ಹಿಂದಿನವರು ಕಡಿಮೆ ಹೊರುತ್ತಿದ್ದರು ಎಂದು ಹೇಳಿಬಿಡುವುದು ಸುಲಭ. ಒಂದು ಹೊತ್ತಿನ ಬುತ್ತಿ ಕಟ್ಟಿಕೊಂಡರೆ ಸಾಕಿತ್ತು, ಮುಂದಿನ ಊರಲ್ಲಿ ನೆಂಟರೋ ಛತ್ರವೋ ಮಠವೋ ಇರುತ್ತಿತ್ತು. ಈಗಲೂ ಧರ್ಮಸ್ಥಳಕ್ಕೆ ಹೊರಟವರು ಅಲ್ಲಿಯ ಊಟಕ್ಕೆಂದು ಬುತ್ತಿ ಕಟ್ಟುವುದಿಲ್ಲ, ಸಿರಿಗೆರೆಯ ಮಠಕ್ಕೆ ಹೋದವರೂ ಕಟ್ಟುವುದಿಲ್ಲ. ಅಲ್ಲಿ ಎಲೆ ಹಾಕುತ್ತಾರೆ ಎಂಬುದು ಹೊರಡುವ ಮೊದಲೇ ಗೊತ್ತು. ಆ ಗೊತ್ತಿನಿಂದಲೇ ಕೈ ಖಾಲಿ ಇಟ್ಟುಕೊಂಡು ಹೋಗುವ ಧೈರ್ಯ. ಆದರೆ ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ಕೊಯ್ಯಲು ಹೊರಡುವ ಸಂಸಾರಗಳನ್ನು ನೋಡಿ. ಟೆಂಪೋದಲ್ಲಿ ಪಾತ್ರೆ, ಒಲೆ, ಹಾಸಿಗೆ, ಕೋಳಿ, ಮಕ್ಕಳು ಎಲ್ಲವೂ. ಅವರಿಗೆ ಬಿಟ್ಟು ಹೋಗಲಾಗದ್ದು ಆಸೆಯಿಂದಲ್ಲ. ಹೋಗುವ ಜಾಗ ಅವರಿಗೆ ಏನನ್ನೂ ಇಟ್ಟು ಕಾದಿರುವುದಿಲ್ಲ. ಒಂದು ಪಾತ್ರೆ ಮರೆತರೂ ಅಲ್ಲಿ ಕೊಡುವವರಿಲ್ಲ. ಹೊರೆ ಹಗುರಾಗಬೇಕಾದರೆ ಹೊರುವವರು ಬದಲಾದರೆ ಸಾಲದು, ಮುಂದಿನ ಊರೂ ಕೈ ಚಾಚಬೇಕು.

ಹಾಗಾದರೆ ನನ್ನ ರೊಟ್ಟಿ? ಅದು ಅಪನಂಬಿಕೆಯೇ? ಹಡಗಿನಲ್ಲಿ ಊಟಕ್ಕೆ ಕೊರತೆಯಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಹಳ ಹೊತ್ತು ಯೋಚಿಸಿದೆ. ನಲವತ್ತರಲ್ಲಿ ನಮಗೆಂದು ಇಟ್ಟದ್ದು ಹತ್ತು, ಮಿಕ್ಕ ಮೂವತ್ತು ಮಗಳಿಗೆ. ಹತ್ತನ್ನು ತೆಗೆದೆ, ಹಗ್ಗ ತೆಗೆದೆ, ಟಾರ್ಚು, ಹಳೇ ಸೀರೆ, ಒಂದು ಸ್ವೆಟರ್ ತೆಗೆದೆ. ಮೂವತ್ತು ರೊಟ್ಟಿ, ಚಟ್ನಿಪುಡಿ ಉಳಿಸಿದೆ. 14 ಕೇಜಿ 900. ಮುಂಬಯಿಯಲ್ಲಿ ಹಡಗು ಹತ್ತುವ ಮುಂಚೆಯೇ ಮಗಳಿಗೆಂದು ತೆಗೆದಿಡಲು ಅಳಿಯನ ತಮ್ಮನ ಕೈಗೆ ಆ ಗಂಟು ಕೊಟ್ಟೆವು. ಒಂದೇ ಒಂದು ರೊಟ್ಟಿ ಮುರಿದಿತ್ತು. ಮಗಳು ಅದನ್ನು ಅಲ್ಲೇ ನಿಂತು ತಿಂದಳು.

ಸಮುದ್ರದ ಬಗ್ಗೆ ಹೇಳಲು ಹೊರಟರೆ ಬೇರೆಯದೇ ಬರೆಯಬೇಕು. ಸೂಳೆಕೆರೆಯನ್ನು ನೋಡಿ ಬೆಳೆದ ಕಣ್ಣಿಗೆ ಆಚೆ ದಡ ಕಾಣದ ನೀರು ಮೊದಲ ದಿನ ಭಯವನ್ನೇ ಹುಟ್ಟಿಸಿತು. ಆಮೇಲೆ ಕಣ್ಣು ಹೊಂದಿಕೊಂಡಿತು. ಹೇಳಬೇಕಾದದ್ದು ಕೊನೆಯ ರಾತ್ರಿಯದು. ಇಳಿಯುವ ಹಿಂದಿನ ರಾತ್ರಿ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ಕೋಣೆಯ ಬಾಗಿಲ ಹೊರಗೆ ಇಡಬೇಕು. ರಾತ್ರಿಯೇ ಅವನ್ನು ಒಯ್ಯುತ್ತಾರೆ. ಬೆಳಿಗ್ಗೆ ಉಡುವ ಬಟ್ಟೆ, ಔಷಧಿ, ಕಾಗದಪತ್ರ ಇಷ್ಟನ್ನೇ ಸಣ್ಣ ಚೀಲದಲ್ಲಿ ಉಳಿಸಿಕೊಳ್ಳಬೇಕು. ನಡುರಾತ್ರಿ ಎಚ್ಚರವಾಗಿ ಬಾಗಿಲು ತೆರೆದೆ. ಉದ್ದದ ಓಣಿ. ಸಂಜೆ ಎಲ್ಲ ಬಾಗಿಲುಗಳ ಮುಂದೆ ಸಾಲಾಗಿ ನಿಂತಿದ್ದ ಪೆಟ್ಟಿಗೆಗಳು ಒಂದೂ ಇಲ್ಲ. ನಮಗಿಂತ ಮೊದಲೇ ಹೊರಟುಹೋಗಿದ್ದವು.

ನಮ್ಮ ತಾಲ್ಲೂಕಿನ ಹೊದಿಗೆರೆಯಲ್ಲಿ ಶಹಾಜಿಯ ಸಮಾಧಿ ಇದೆ. ಶಿವಾಜಿಯ ತಂದೆ. 1664ರಲ್ಲಿ ಬೇಟೆಗೆ ಹೋದವನು ಕುದುರೆಯಿಂದ ಬಿದ್ದು ಅಲ್ಲೇ ತೀರಿಕೊಂಡ. ಚಿಕ್ಕಂದಿನಿಂದ ಆ ಕಲ್ಲನ್ನು ನೋಡಿದ್ದೇನೆ, ಆದರೆ ಅವನ ಬಿಡಾರದಲ್ಲಿ ಉಳಿದ ಗಂಟುಗಳ ಬಗ್ಗೆ ಯೋಚಿಸಿದ್ದು ಅರಬ್ಬೀ ಸಮುದ್ರದ ನಡುವೆ, ಆ ಓಣಿಯಲ್ಲಿ ನಿಂತಾಗ. ಅವನು ಮುಂದೆ ಹೋದ, ಗಂಟು ಹಿಂದೆ ಉಳಿಯಿತು. ಇಲ್ಲಿ ಗಂಟು ಮುಂದೆ ಹೋಗಿತ್ತು, ನಾವು ಉಳಿದಿದ್ದೆವು. ಒಳಗೆ ಬಂದು ಮಲಗಿದೆ. ಮಂಚದ ಕೆಳಗೆ ಏನೂ ಇಲ್ಲ ಎಂಬುದು ಬೆನ್ನಿಗೆ ಗೊತ್ತಾಗುತ್ತಿತ್ತು. ಇವರು ನಿದ್ದೆಯಲ್ಲಿದ್ದರು. ಆ ಒಂದು ರಾತ್ರಿ ನಲವತ್ತು ವರ್ಷದ ಸಂಸಾರ ಒಂದು ಕೈಚೀಲದಷ್ಟಾಗಿ ಕುರ್ಚಿಯ ಮೇಲಿತ್ತು. ಖಾಲಿಯೆನಿಸಲಿಲ್ಲ.

ಊರಿಗೆ ಬಂದ ಮಾರನೇ ದಿನ ನಮ್ಮ ಗದ್ದೆಯಲ್ಲಿ ತರುಬಿದ್ದ ಕುರಿಯವರು ಹೊರಡುವವರಿದ್ದರು. ಭತ್ತ ಕೊಯ್ದ ಮೇಲೆ, ಭದ್ರಾ ನಾಲೆಗೆ ಮತ್ತೆ ನೀರು ಬಿಡುವುದರೊಳಗೆ, ಗೊಬ್ಬರಕ್ಕೆಂದು ಗದ್ದೆಯಲ್ಲಿ ಕುರಿ ತರುಬಿಸುತ್ತೇವೆ. ಅವರು ಮಳೆ ಕಡಿಮೆಯಿರುವ ಸೀಮೆಯಿಂದ ನಡೆದುಕೊಂಡೇ ಬರುತ್ತಾರೆ. ಕೊಡಬೇಕಾದ ದುಡ್ಡು, ಜೋಳ ಒಯ್ದು ಕೊಡಲು ಬೆಳಿಗ್ಗೆಯೇ ಹೋದೆ. ಕುರಿಯವರ ಹೆಂಗಸು ಕತ್ತೆಯ ಮೇಲೆ ಸಾಮಾನು ಹೇರುತ್ತಿದ್ದಳು. ಹಟ್ಟಿಯ ಬಲೆ ಸುತ್ತಿ ಅಡಿಗೆ ಹಾಕಿದಳು. ಕಂಬಳಿ ಎರಡು. ಅವುಗಳ ನಡುವೆ ಹಿಟ್ಟಿನ ಚೀಲ, ಮಗುಚಿದ ಬೋಗುಣಿ, ಎಣ್ಣೆ ಬಾಟಲಿ. ಕಾಲು ಕಟ್ಟಿದ ಕೋಳಿ. ಹಗ್ಗವನ್ನು ಹೊಟ್ಟೆಯಡಿಯಿಂದ ತಂದು ಮೊಣಕಾಲು ಕೊಟ್ಟು ಬಿಗಿದಳು. ಕತ್ತೆ ಸುಮ್ಮನೆ ನಿಂತಿತ್ತು. ಇಡೀ ಮನೆ ಹೇರಲು ಕಾಲು ಗಂಟೆಯೂ ಹಿಡಿಯಲಿಲ್ಲ.

ಅವಳು ಅಡುಗೆ ಮಾಡಿದ ಮೂರು ಕಲ್ಲು ಅಲ್ಲೇ ಇದ್ದವು. ಹೊಗೆ ಹಿಡಿದು ಕಪ್ಪಾಗಿ, ಒಳಮೈ ಸವೆದು, ಗಡಿಗೆ ಕೂರಲು ಹದವಾಗಿದ್ದ ಕಲ್ಲು. ಇವನ್ನೂ ಒಯ್ಯಬಾರದೇನವ್ವ, ಇಷ್ಟು ಚೆನ್ನಾಗಿ ಕೂತಿವೆ ಎಂದೆ.

"ಕಲ್ಲಿಗೇನು ಬರ ಬಂದೈತಾ ಯಕ್ಕಾ, ಮುಂದ್ಲೂರಾಗೂ ಸಿಗ್ತಾವೆ" ಎಂದಳು.

ಆಮೇಲೆ ಬದುವಿನ ಬಳಿ ಹೋಗಿ, ಹಿಂದಿನ ರಾತ್ರಿ ಹುಟ್ಟಿದ ಮರಿಯನ್ನು ಎತ್ತಿಕೊಂಡು ಬಂದಳು. ಅದಿನ್ನೂ ಕಾಲೂರಲಾರದು. ಕತ್ತೆಯ ಮೇಲೆ ಕಂಬಳಿಗಳ ನಡುವೆ ಅದಕ್ಕೆಂದೇ ಒಂದು ಗೂಡು ಬಿಟ್ಟಿದ್ದಳು, ನಾನು ಗಮನಿಸಿರಲಿಲ್ಲ. ಮರಿಯನ್ನು ಅದರಲ್ಲಿ ಇಳಿಸಿ, ಕುತ್ತಿಗೆ ಹೊರಗೆ ಬರುವಂತೆ ಕಂಬಳಿಯ ಅಂಚು ಸರಿಮಾಡಿದಳು. ತಾಯಿ ಕುರಿ ಕತ್ತೆಯ ಪಕ್ಕಕ್ಕೇ ಅಂಟಿಕೊಂಡು ನಡೆಯಿತು. ಮಂದೆ ನಾಲೆ ಏರಿ ಹತ್ತುವವರೆಗೂ ಮರಿಯ ಬಿಳಿ ತಲೆ ಕಾಣುತ್ತಿತ್ತು.