ಹೊಸ್ತಿಲ ಮೇಲಿನ ಕೈಗಳು

(ನ್ಯಾಯಸ್ಥಾಪಕರು, 19ನೆಯ ಅಧ್ಯಾಯ)



ಈ ಅಧ್ಯಾಯವನ್ನು ಸಭೆಯಲ್ಲಿ ಓದುವವರು ಕಡಿಮೆ. ನಾವೂ ಬಹುಕಾಲ ಇದನ್ನು ದಾಟಿಕೊಂಡೇ ಹೋದೆವು. ಆದರೆ ದೇವರು ಇದನ್ನು ಸುಮ್ಮನೆ ಬರೆಯಿಸಲಿಲ್ಲ.

ಎಫ್ರಾಯೀಮಿನ ಬೆಟ್ಟದ ಸೀಮೆಯಲ್ಲಿದ್ದ ಒಬ್ಬ ಲೇವಿಯನ ಉಪಪತ್ನಿಯು ಅವನನ್ನು ಬಿಟ್ಟು ಬೇತ್ಲೆಹೇಮಿನ ತಂದೆಯ ಮನೆಗೆ ಹೋಗಿ ನಾಲ್ಕು ತಿಂಗಳಿದ್ದಳು. ಅವನು ಕರೆಯುವದಕ್ಕೆ ಬಂದಾಗ ತಂದೆಯು ಸಂತೋಷಪಟ್ಟು ಅಳಿಯನಿಗೆ ದಿನದಿನವೂ ಉಣ್ಣಿಸಿ ಕುಡಿಸಿದನು. ಆ ಉಪಚಾರದ ಮಾತುಗಳೆಲ್ಲಾ ಬರೆಯಲ್ಪಟ್ಟಿವೆ. ಆಕೆಯ ಒಂದು ಮಾತಾದರೂ ಇಲ್ಲ. ಹಿಂದಿರುಗಲು ಮನಸ್ಸುಂಟೋ ಎಂದು ಆಕೆಯನ್ನು ಯಾರೂ ಕೇಳಿದಂತೆ ಕಾಣುವದಿಲ್ಲ. ದಾರಿಯಲ್ಲಿ ಗಿಬೆಯದ ದುಷ್ಟರು ಮನೆಯನ್ನು ಮುತ್ತಲು, ಅವನು ತನ್ನನ್ನು ಉಳಿಸಿಕೊಳ್ಳುವದಕ್ಕಾಗಿ ಆಕೆಯನ್ನು ಹೊರಗೆ ದೂಡಿದನು. ಬೆಳಿಗ್ಗೆ ಬಾಗಿಲು ತೆರೆದಾಗ ಆಕೆಯು ಹೊಸ್ತಿಲ ಮೇಲೆ ಕೈಗಳನ್ನಿಟ್ಟು ಬಿದ್ದಿದ್ದಳು. ಏಳೆಂದು ಕರೆದನು, ಉತ್ತರ ಬರಲಿಲ್ಲ.

ಈಗ ನಮ್ಮ ತಪ್ಪನ್ನು ಅರಿಕೆಮಾಡುತ್ತೇವೆ. ಕೆಲವು ವರುಷಗಳ ಹಿಂದೆ ಒಂದು ರಾತ್ರಿ ನಮ್ಮ ಸಭೆಯ ಒಬ್ಬ ಸಹೋದರಿಯು ಕೂಸನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದಳು. ನಾವು ತಾಳ್ಮೆಯನ್ನು ಬೋಧಿಸಿ, ಪ್ರಾರ್ಥನೆಮಾಡಿ, ಊರು ಏಳುವ ಮೊದಲೇ ಇಬ್ಬರು ಹಿರಿಯರೊಂದಿಗೆ ಆಕೆಯನ್ನು ಗಂಡನ ಮನೆಗೆ ಮುಟ್ಟಿಸಿದೆವು. ಮೂರನೆಯ ವಾರದಲ್ಲಿ ಆಕೆಯ ತೋಳು ಮುರಿದಿತ್ತು. ಆಸ್ಪತ್ರೆಯಲ್ಲಿ ನಮ್ಮನ್ನು ಕಂಡು, “ಅಯ್ಯನವರೇ, ಅಂದು ಪ್ರಾರ್ಥನೆಮಾಡಿದಿರಿ, ಏನಾಯಿತೆಂದು ಕೇಳಲಿಲ್ಲ” ಅಂದಳು. ಪ್ರಿಯರೇ, ಬೇತ್ಲೆಹೇಮಿನ ಆ ತಂದೆಯು ನಾವೇ.

ಹೆಂಡತಿಯು ಅಧೀನಳಾಗಿರಬೇಕಲ್ಲವೇ ಎಂದು ಕೆಲವರು ಕೇಳುವರು. ಎಫೆಸದವರಿಗೆ ಬರೆದ ಅದೇ ಅಧ್ಯಾಯವು ಗಂಡನಿಗೆ, ಕ್ರಿಸ್ತನು ಸಭೆಗಾಗಿ ತನ್ನನ್ನು ಒಪ್ಪಿಸಿಕೊಟ್ಟಂತೆ ಪ್ರೀತಿಸಬೇಕೆಂದು ಕಲಿಸುತ್ತದೆ. ಅದನ್ನು ಮುಚ್ಚಿಟ್ಟು ಇದನ್ನು ಮಾತ್ರ ಓದುವದು ವಾಕ್ಯವನ್ನು ತುಂಡರಿಸುವದೇ. ಇದು ಆಕೆಯ ಶಿಲುಬೆ ಎಂದು ಬೇರೆ ಕೆಲವರು ಹೇಳುವರು. ಕುಡಿದ ಗಂಡನ ದೊಣ್ಣೆಯು ಕ್ರಿಸ್ತನ ಶಿಲುಬೆಯಲ್ಲ. ಸೌಲನ ಈಟಿಗೆ ತಪ್ಪಿಸಿಕೊಂಡು ದಾವೀದನು ಕಿಟಕಿಯಿಂದಿಳಿದು ಓಡಿಹೋದನು. ಅವನಿಗೆ ನಂಬಿಕೆ ಸಾಲದೆಂದು ಯಾರೂ ಹೇಳಲಿಲ್ಲ.

ಹೀಗಿರಲಾಗಿ ನಾವು ಮಾಡತಕ್ಕದ್ದೇನು? ಬಂದವಳನ್ನು ಒಳಗೆ ಕರೆದು, ಏನಾಯಿತೆಂದು ಕೇಳಿ, ಹೇಳಿದ್ದನ್ನು ನಂಬಿರಿ. ಆಕೆ ಎಲ್ಲಿದ್ದಾಳೆಂದು ಗಂಡನಿಗೆ ತಿಳಿಸಬೇಡಿರಿ. ಗಾಯವಾಗಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನಿಜವಾದ ಕಾರಣವನ್ನೇ ಬರೆಯಿಸಿರಿ. ಪ್ರಾಣಾಪಾಯವಿದ್ದರೆ 112ಕ್ಕೆ ಕರೆಮಾಡಿರಿ. ಮಹಿಳೆಯರ ಸಹಾಯವಾಣಿಯು 181.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ಸಂರಕ್ಷಿಸುವ 2005ರ ಕಾಯಿದೆಯು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತ ಮಾತ್ರವಲ್ಲ, ಹೀನಾಯದ ಮಾತು, ಬೆದರಿಕೆ, ಖರ್ಚಿಗೆ ಕೊಡದೆ ಇರುವದು, ಇವೂ ಅದರಲ್ಲಿ ಹಿಂಸೆಯೇ. ಮನೆಯು ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಆಕೆಗುಂಟು. ನಮ್ಮ ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಆ ಕಛೇರಿಯ ದಾರಿಯನ್ನು ನಿಮ್ಮೂರ ಅಂಗನವಾಡಿಯವರು ಬಲ್ಲರು. ನೆರೆಯವರೂ ಅವರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವನ ಮೇಲೆ ಕಾನೂನಿನ ಹೊಣೆ ಬಾರದು. ವಕೀಲರಿಗೆ ಹಣವಿಲ್ಲವೆಂದು ಹಿಂಜರಿಯಬೇಡಿರಿ; ಕಾನೂನು ಸೇವಾ ಪ್ರಾಧಿಕಾರದಿಂದ ಸ್ತ್ರೀಯರಿಗೆ ಉಚಿತವಾಗಿ ನೆರವುಂಟು.

ಹಿರಿಯರೇ, ಸಭೆಯ ಮಾನವನ್ನು ಕಾಯುವದಕ್ಕಾಗಿ ರಾಜಿಮಾಡಿಸಲು ಅವಸರಪಡಬೇಡಿರಿ. ಸಭೆಯ ಮಾನ ಹೋಗುವದು ದೂರಿನಿಂದಲ್ಲ, ಹೊಡೆತದಿಂದಲೇ. ಕೈಯೆತ್ತುವ ಸಹೋದರನೇ, ಕರ್ತನ ಮೇಜಿನ ಬಳಿಗೆ ಚಾಚುವ ಕೈ ಅದೇ ಎಂಬದನ್ನು ನೆನಸು, ಮಾನಸಾಂತರಪಡು. ಬಾಧೆಪಡುವ ಸಹೋದರಿಯೇ, ನೀನು ಅನುಭವಿಸುವದು ನಿನ್ನ ಪಾಪದ ಫಲವಲ್ಲ, ಹೇಳಿಕೊಳ್ಳುವದು ನಾಚಿಕೆಯಲ್ಲ.

ಆ ಸಹೋದರಿಯು ಈಗ ಮಗುವಿನೊಂದಿಗೆ ಬೇರೆ ಊರಲ್ಲಿ ದುಡಿದು ಬಾಳುತ್ತಾಳೆ. ನಮ್ಮನ್ನು ಕ್ಷಮಿಸಿದ್ದಾಳೆ, ನಾವು ಮರೆತಿಲ್ಲ. ಇನ್ನು ಮುಂದೆ ನಮ್ಮ ಹೊಸ್ತಿಲನ್ನು ಮುಟ್ಟುವ ಕೈಗಳು ಬೆಳಗಿನ ವರೆಗೆ ಹೊರಗಿರದ ಹಾಗೆ, ರಾತ್ರಿಯಲ್ಲಿಯೇ ಎದ್ದು ಬಾಗಿಲು ತೆರೆಯುವ ಮನಸ್ಸನ್ನು ಕರ್ತನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೆನ್.