ಮುದ್ದೆ, ಮೊಟ್ಟೆ ಮತ್ತು ಮೊದಲನೆಯ ಶೀಲ

 

"ಶುಗರ್ ಜಾಸ್ತಿ ಇದೆ, ಅನ್ನ ಮುದ್ದೆ ಕಡಿಮೆ ಮಾಡಿ, ಕಾಳು ಮೊಟ್ಟೆ ತಿನ್ನಿ ಅಂತ ಡಾಕ್ಟ್ರು ಹೇಳಿದಾರೆ. ದೀಕ್ಷೆ ತಗೊಂಡ ಮೇಲೆ ನಾನು ಮಾಂಸ ಮೊಟ್ಟೆ ಎಲ್ಲಾ ಬಿಟ್ಟಿದೀನಿ. ಈಗ ಮೊಟ್ಟೆ ತಿಂದ್ರೆ ಶೀಲ ಮುರಿದ ಹಾಗಾಗುತ್ತಾ?" ಬಳಗದ ಹಿರಿಯ ಉಪಾಸಿಕೆಯೊಬ್ಬರು ಕೇಳಿದ ಪ್ರಶ್ನೆ ಇದು. ಅಲ್ಲಿದ್ದವರಲ್ಲಿ ಒಬ್ಬರು "ಆಗುತ್ತೆ" ಎಂದರು, ಇನ್ನೊಬ್ಬರು ನಕ್ಕು "ತಿನ್ನಿ ಅಕ್ಕ, ಬಾಬಾಸಾಹೇಬರು ಬೇಡ ಅಂದಿಲ್ಲ" ಎಂದರು. ಎರಡೂ ಅವಸರದ ಉತ್ತರಗಳು. ಪ್ರಶ್ನೆ ಕೇಳಿದವರ ಕಣ್ಣಿನಲ್ಲಿ ನಿಜವಾದ ಹೆದರಿಕೆ ಇತ್ತು: ಒಂದು ಕಡೆ ಕಾಯಿಲೆಯದು, ಇನ್ನೊಂದು ಕಡೆ ಧಮ್ಮ ಕೈತಪ್ಪುತ್ತದೆ ಎಂಬುದು. ಆದ್ದರಿಂದ ಇಂದು ಇದನ್ನೇ ಯೋಚಿಸೋಣ.

ಮೊದಲು ತಟ್ಟೆಯ ಲೆಕ್ಕ. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ರಾಗಿಯಲ್ಲಿ ಸುಮಾರು 67. ರಾಗಿಯಲ್ಲಿ ನಾರು ಹೆಚ್ಚು ಎಂಬುದು ನಿಜ, ಆದರೆ "ಮುದ್ದೆ ಎಷ್ಟು ತಿಂದರೂ ಶುಗರ್ ಏರಲ್ಲ" ಎಂಬುದು ಸುಳ್ಳು. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅನ್ನುತ್ತಿದ್ದ ಕಾಲದಲ್ಲಿ ನಿಜವಾಗಿಯೂ ಬೆಟ್ಟ ಕೀಳುವಂಥ ಕೆಲಸ ಇತ್ತು. ಈಗ ನಾವು ಕುರ್ಚಿಯಲ್ಲಿ ಕೂತು ಅದೇ ಅಳತೆಯ ಮುದ್ದೆ ಉಣ್ಣುತ್ತೇವೆ. ಲೋ ಕಾರ್ಬ್ ಎಂದರೆ ಸಾಮಾನ್ಯವಾಗಿ ದಿನಕ್ಕೆ 130 ಗ್ರಾಂ ಕಾರ್ಬೋಹೈಡ್ರೇಟಿಗಿಂತ ಕಡಿಮೆ. ನೂರು ನೂರು ಗ್ರಾಂ ಹಿಟ್ಟಿನ ಎರಡು ಮುದ್ದೆ ಉಂಡರೆ ಅಲ್ಲಿಗೇ ಗಡಿ ದಾಟಿತು. ಕಾಫಿಯ ಸಕ್ಕರೆ, ಸಂಜೆಯ ಬಿಸ್ಕತ್ತು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಸಸ್ಯಾಹಾರಿಗೆ ಇಲ್ಲೊಂದು ತೊಡಕಿದೆ. ಅನ್ನ ಬಿಟ್ಟು ಬೇಳೆ ತಿನ್ನೋಣ ಅಂದರೆ ಬೇಳೆಯಲ್ಲೂ ಪಿಷ್ಟವೇ ಹೆಚ್ಚು. ಹುರುಳಿಕಾಳಿನಲ್ಲಿ, ತೊಗರಿಬೇಳೆಯಲ್ಲಿ ನೂರಕ್ಕೆ ಸುಮಾರು 22 ಗ್ರಾಂ ಪ್ರೋಟೀನ್, ಆದರೆ 55ಕ್ಕೂ ಹೆಚ್ಚು ಗ್ರಾಂ ಕಾರ್ಬೋಹೈಡ್ರೇಟ್. ಒಂದು ಮೊಟ್ಟೆಯಲ್ಲಾದರೆ ಆರು ಗ್ರಾಂ ಪ್ರೋಟೀನ್, ಕಾರ್ಬೋಹೈಡ್ರೇಟ್ ಒಂದು ಗ್ರಾಮಿಗಿಂತಲೂ ಕಡಿಮೆ. ಸಸ್ಯಾಹಾರದಲ್ಲಿ ಅಂಥವು ಪನೀರ್, ತೋಫು, ಬಾದಾಮಿ. ಯೂಟ್ಯೂಬಿನಲ್ಲಿ ಬಾದಾಮಿ ಹಿಟ್ಟಿನ ರೊಟ್ಟಿ ತಟ್ಟುವವರನ್ನು ನೋಡುತ್ತೇವಲ್ಲ, ಅದು ಯಾರ ಅಡುಗೆಮನೆ? ನಮ್ಮ ಕೇರಿಗೆ ಪಡಿತರದಲ್ಲಿ ಬರುವುದು ಅಕ್ಕಿ. ಬಡವರ ಹೊಟ್ಟೆ ತುಂಬಿಸಿದ್ದು ಅಕ್ಕಿಯೇ, ಅದನ್ನು ಹಳಿಯಲಾರೆ. ಆದರೆ ಹೊಟ್ಟೆ ತುಂಬುವುದು ಬೇರೆ, ಮೈಗೆ ಬೇಕಾದ್ದು ಸಿಗುವುದು ಬೇರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇದು ಶ್ರೀಮಂತರ ರೋಗ ಎಂಬ ಕಾಲ ಹೋಯಿತು.

ಈಗ ಶೀಲದ ಮಾತು. ಮೊದಲನೆಯ ಶೀಲ ಪ್ರಾಣಹತ್ಯೆಯಿಂದ ದೂರವಿರುವುದು. ಅದರಲ್ಲಿ ಊಟದ ಪಟ್ಟಿ ಇಲ್ಲ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಬೇಡ ಎಂದಿದೆ, ಜೀವಿಗಳ ಮೇಲೆ ಕರುಣೆ ಇರಲಿ ಎಂದಿದೆ, ಸಸ್ಯಾಹಾರದ ಪ್ರತಿಜ್ಞೆ ಇಲ್ಲ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅವರು ಅಹಿಂಸೆಯನ್ನು ನಿಯಮವಾಗಿ ಅಲ್ಲ, ತತ್ವವಾಗಿ ವಿವರಿಸುತ್ತಾರೆ. ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎಂದು ಬಿಡಿಸಿ ತೋರಿಸುತ್ತಾರೆ. ನಿಯಮವಾದರೆ ಕಣ್ಣು ಮುಚ್ಚಿ ಪಾಲಿಸಬಹುದು, ತತ್ವವಾದರೆ ಪ್ರತಿ ಸಲವೂ ನಾವೇ ಯೋಚಿಸಬೇಕು. ಕಷ್ಟ ಅಲ್ಲೇ ಇರುವುದು.

ದೇವದತ್ತ ಬುದ್ಧರ ಮುಂದೆ ಐದು ಬೇಡಿಕೆ ಇಟ್ಟಿದ್ದ. ಭಿಕ್ಷುಗಳು ಮೀನು ಮಾಂಸ ಮುಟ್ಟಲೇಬಾರದು ಎಂಬುದು ಅದರಲ್ಲಿ ಒಂದು. ಬುದ್ಧರು ಒಪ್ಪಲಿಲ್ಲ. ತನಗಾಗಿ ಕೊಂದದ್ದನ್ನು ಕಂಡಿರಬಾರದು, ಕೇಳಿರಬಾರದು, ಆ ಸಂಶಯವೂ ಇರಬಾರದು, ಅಷ್ಟಾದರೆ ಸಾಕು ಎಂದರು. ಜೀವಕ ಸುತ್ತದಲ್ಲೂ ಇದೇ ಮಾತಿದೆ. ವಿನಯಪಿಟಕದ ಮಹಾವಗ್ಗದಲ್ಲಿ ಔಷಧಿಗಳ ಭಾಗವನ್ನು ಓದಿ, ಕಾಯಿಲೆ ಬಿದ್ದ ಭಿಕ್ಷುಗಳಿಗೆ ಪ್ರಾಣಿಗಳ ಕೊಬ್ಬನ್ನೂ ಮಾಂಸದ ಸಾರನ್ನೂ ಅನುಮತಿಸಲಾಗಿದೆ. ಇನ್ನು ಸುತ್ತನಿಪಾತದ ಆಮಗಂಧ ಸುತ್ತ ನೇರವಾಗಿ ಹೇಳುತ್ತದೆ: ದುರ್ನಾತ ಇರುವುದು ಮಾಂಸದಲ್ಲಲ್ಲ, ಕೊಲೆ, ಕಳವು, ಸುಳ್ಳು, ಮೋಸದಲ್ಲಿ. ಇಷ್ಟಿದ್ದೂ ನಮ್ಮಲ್ಲಿ ಕೆಲವರು ದೀಕ್ಷೆಯಾದ ಮರುದಿನವೇ "ನಾವೀಗ ವೆಜ್" ಎಂದು ಎದೆಯುಬ್ಬಿಸುವುದು ಯಾಕೆ? ಆ ಹೆಮ್ಮೆ ಎಲ್ಲಿಂದ ಬಂತು? 1948ರ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಬಾಬಾಸಾಹೇಬರು ತೋರಿಸಿದ್ದು ಇದನ್ನೇ, ತಿನ್ನುವ ಅನ್ನವನ್ನೇ ಅಳತೆಗೋಲು ಮಾಡಿ ಮನುಷ್ಯರನ್ನು ಊರ ಹೊರಗೆ ಇಟ್ಟದ್ದನ್ನು. ಆ ಕೋಲನ್ನು ನಾವೇ ಎತ್ತಿಕೊಂಡು ನಮ್ಮ ಅಜ್ಜಿಯರ ಒಲೆಯನ್ನು ಅಳೆಯಬೇಕೆ?

ಹಾಗೆಂದು ಕರುಣೆಯಿಂದ ಮಾಂಸ ಬಿಟ್ಟವರನ್ನು ನಗೆಯಾಡುವುದೂ ಸಲ್ಲದು. ಕೋಳಿಗೂಡಿನ ಇಕ್ಕಟ್ಟನ್ನು ಕಂಡು ಮೊಟ್ಟೆ ಬಿಟ್ಟವರನ್ನು ನಾನು ಗೌರವಿಸುತ್ತೇನೆ. ಅಂಗಡಿಯ ಫಾರಂ ಮೊಟ್ಟೆ ಮರಿಯಾಗುವುದಿಲ್ಲ, ಅದರಲ್ಲಿ ಜೀವವಿಲ್ಲ ಎಂಬುದು ಸರಿಯೇ. ಆದರೆ ಮೊಟ್ಟೆಯ ಉದ್ಯಮದಲ್ಲಿ ಹುಟ್ಟುವ ಗಂಡುಮರಿಗಳ ಗತಿ ಕೆಟ್ಟದ್ದು. ಹಾಲಿನ ಉದ್ಯಮದಲ್ಲಿ ಗಂಡುಕರುಗಳ ಗತಿಯೂ ಅಷ್ಟೇ. ಪನೀರ್ ಶುದ್ಧ, ಮೊಟ್ಟೆ ಅಶುದ್ಧ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ನಮ್ಮ ಉಪಾಸಿಕೆಗೆ ನನ್ನ ಉತ್ತರ ಹೀಗೆ: ಮೈತ್ರಿಯಿಂದ ಬಿಟ್ಟಿದ್ದರೆ, ಬಿಡದೆಯೂ ಶುಗರ್ ಹತೋಟಿಗೆ ಬರುವ ದಾರಿ ಇದ್ದರೆ, ಬಿಟ್ಟೇ ಇರಿ. ಮೈಲಿಗೆಯ ಭಯದಿಂದ ಬಿಟ್ಟಿದ್ದರೆ ಆ ಭಯವೇ ಬಿಡಬೇಕಾದ್ದು. ಇನ್ನು ಕೈಯಲ್ಲಿ ಕಾಸಿಲ್ಲ, ಪನೀರ್ ತರಲಾಗದು ಎಂದಾದರೆ, ಬೇಯಿಸಿದ ಮೊಟ್ಟೆ ನಿಮಗೆ ಔಷಧ. ಅದರಿಂದ ಶೀಲ ಮುರಿಯುವುದಿಲ್ಲ.

ಶಾಲೆಯಲ್ಲಿ ನಾನು ದಿನವೂ ನೋಡುವ ಒಂದು ವಿಷಯ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದ್ದು ನಿಮಗೆ ನೆನಪಿರಬಹುದು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಹಣ್ಣು ಒಳ್ಳೆಯದೇ, ಆದರೆ ಅದು ಮೊಟ್ಟೆಯ ಜಾಗ ತುಂಬುವುದಿಲ್ಲ. ಬಾಳೆಹಣ್ಣಿನಲ್ಲಿ ಇರುವುದೆಲ್ಲ ಹೆಚ್ಚುಕಡಿಮೆ ಸಕ್ಕರೆ, ಪಿಷ್ಟ. ಯಾವ ಮಗು ಯಾವುದಕ್ಕೆ ಕೈ ಚಾಚುತ್ತದೆ ಎಂಬುದನ್ನು ಪಕ್ಕದ ಮಗು ನೋಡುತ್ತಿರುತ್ತದೆ, ಮನೆಗೆ ಹೋಗಿ ಹೇಳುತ್ತದೆ. ಹತ್ತು ವರ್ಷದ ಮಕ್ಕಳು!

ಬುದ್ಧರು ಊಟದ ಬಗ್ಗೆ ಕೊಟ್ಟ ಸಲಹೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಕೋಸಲದ ರಾಜ ಪಸೇನದಿಯದು. ಸಂಯುತ್ತ ನಿಕಾಯದಲ್ಲಿದೆ. ರಾಜ ಒಂದೊಂದು ಹೊತ್ತಿಗೆ ದೊಡ್ಡ ಅಳತೆಯ ಅನ್ನ ಉಂಡು, ಏದುಸಿರು ಬಿಡುತ್ತಾ ಬಂದು ಬುದ್ಧರ ಪಕ್ಕ ಕೂತ. ಬುದ್ಧರು ಬೈಯಲಿಲ್ಲ, ಅನ್ನ ಪಾಪ ಎನ್ನಲಿಲ್ಲ. ಎಚ್ಚರದಿಂದ, ಮಿತವರಿತು ಉಂಡವನಿಗೆ ನೋವು ಕಡಿಮೆ, ಮುಪ್ಪು ನಿಧಾನ ಎಂಬ ಅರ್ಥದ ನಾಲ್ಕು ಸಾಲು ಹೇಳಿದರು. ರಾಜ ತನ್ನ ಹಿಂದೆ ನಿಂತಿದ್ದ ಸುದಸ್ಸನ ಎಂಬ ಹುಡುಗನಿಗೆ ಅದನ್ನು ಬಾಯಿಪಾಠ ಮಾಡಿಸಿ, ಊಟ ಬಡಿಸಿದಾಗಲೆಲ್ಲ ಹೇಳಲು ನೇಮಿಸಿದ, ದಿನಕ್ಕೆ ನೂರು ಕಹಾಪಣ ಸಂಬಳ! ಸ್ವಲ್ಪ ಸ್ವಲ್ಪವಾಗಿ ಅನ್ನ ಒಂದು ನಾಳಿಗೆ ಇಳಿಯಿತು, ಮೈ ಹಗುರಾಯಿತು. ಗಮನಿಸಿ, ಒಂದೇ ದಿನಕ್ಕೆ ಇಳಿಯಲಿಲ್ಲ.

ಇದೇ ಕಾರಣಕ್ಕೆ ಒಂದು ಎಚ್ಚರಿಕೆ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ತಿಳಿಸದೆ ಅನ್ನ ಮುದ್ದೆ ನಿಲ್ಲಿಸಬೇಡಿ. ಶುಗರ್ ಏಕಾಏಕಿ ಕುಸಿದು ಬಿದ್ದುಬಿಡಬಹುದು. ಡಪಾಗ್ಲಿಫ್ಲೋಜಿನ್ ನುಂಗುವವರು ಪಿಷ್ಟವನ್ನು ತೀರಾ ಇಳಿಸಿದರೆ ಬೇರೆಯದೇ ಅಪಾಯವಿದೆ. ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮೊದಲೂ ಕೇಳಲೇಬೇಕು.

ಮೊಟ್ಟೆ ಬೇಡ ಎನ್ನುವವರಿಗೆ ನಮ್ಮ ಸಂತೆಯಲ್ಲೇ ದಾರಿಯಿದೆ. ಎರಡು ಮುದ್ದೆಯ ಬದಲು ಒಂದು ಚಿಕ್ಕ ಮುದ್ದೆ, ಅದರ ಜೊತೆ ಬಟ್ಟಲು ತುಂಬ ಸೊಪ್ಪಿನ ಸಾರು, ಮೊಳಕೆ ಹುರುಳಿ. ಸೋಯಾ ಚಂಕ್ಸ್ ಅಗ್ಗ, ಪ್ರೋಟೀನ್ ಬೇಕಾದಷ್ಟಿದೆ. ಕಡಲೆಕಾಯಿ ಬೀಜ ಒಂದು ಹಿಡಿ. ಬದನೆ, ಹೀರೆ, ಹುರುಳಿಕಾಯಿ ಎಷ್ಟಾದರೂ ತಿನ್ನಿ, ಆಲೂಗಡ್ಡೆ ಬಿಡಿ. ಮೊದಲು ಪಲ್ಯ, ಕಾಳು, ಕೊನೆಗೆ ಅನ್ನ.

ವಿಹಾರದ ಊಟದ ಬಗ್ಗೆಯೂ ಒಂದು ಮಾತು. ಸುಜಾತಾಳ ಪಾಯಸದ ನೆನಪಿಗೆ ಹುಣ್ಣಿಮೆಗೆ ಪಾಯಸ ಮಾಡುತ್ತೇವೆ, ಅದು ಇರಲಿ. ಆದರೆ ಪ್ರತಿ ಭಾನುವಾರವೂ ಚಿತ್ರಾನ್ನ, ಅದರ ಪಕ್ಕ ಕೇಸರಿಬಾತ್, ಸಾಲಿನಲ್ಲಿ ಕೂತವರಲ್ಲಿ ಅರ್ಧ ಜನ ಶುಗರ್ ಮಾತ್ರೆ ನುಂಗುವವರು. ಈ ವಾರದ ದಾನದ ಸರದಿ ಯಾರದೋ ಅವರು ಕೇಸರಿಬಾತ್ ಬಿಟ್ಟು ಹೆಸರುಕಾಳಿನ ಉಸಲಿ, ಮಜ್ಜಿಗೆ ತಂದರೆ ಹೇಗೆ? ಗುಂಪಿನಲ್ಲಿ ತಿಳಿಸಿ.