ಹಾವು ಸುಳ್ಳು, ಕೈ ಬಿಟ್ಟದ್ದು ನಿಜ

ಗಾಬರಿಯಲ್ಲಿ ಮಾಡಿದ ಕೆಲಸಕ್ಕೆ ಮನುಷ್ಯ ಹೊಣೆಯೇ? ಈ ಪ್ರಶ್ನೆ ನನಗೆ ಯಾವ ಗ್ರಂಥದಿಂದಲೂ ಬಂದದ್ದಲ್ಲ. ಮಲ್ಪೆಯ ಕಡಲಿನಲ್ಲಿ, ಎದೆಮಟ್ಟದ ನೀರಿನಲ್ಲಿ ಬಂತು.

ಡಿಸೆಂಬರ್ ರಜೆಗೆಂದು ಅಲ್ಲಿಗೆ ಹೋಗಿದ್ದೆವು. ಬೆಳಿಗ್ಗೆ ದಡದಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದರು. ಬಂಗುಡೆ, ಬೂತಾಯಿಗಳ ನಡುವೆ ಒಂದು ಕಡಲಹಾವು ಸಿಕ್ಕಿತ್ತು. ಯುವಕನೊಬ್ಬ ಅದನ್ನು ಕೋಲಿನಿಂದೆತ್ತಿ ನೀರಿಗೆಸೆದು, ‘ವಿಷ ಇದೆ ಸಾಹೇಬ್ರೇ, ಬಲೆಯಲ್ಲಿ ಸಿಕ್ಕಾಗ ಹುಷಾರಾಗಿರಬೇಕು. ತಾನಾಗಿ ಮೈಮೇಲೆ ಬರುವುದಿಲ್ಲ’ ಎಂದ. ನನ್ನ ತಲೆಯಲ್ಲಿ ಉಳಿದದ್ದು ವಿಷ ಒಂದೇ.

ನಾನು ಭದ್ರಾ ನಾಲೆಯಲ್ಲಿ ಈಜು ಕಲಿತವನು. ಆ ಜಂಬದಲ್ಲೇ ಹದಿಮೂರರ ಮಗಳಿಗೆ ಈಜು ಕಲಿಸಲು ಹೊರಟೆ. ‘ಹೆದರಬೇಡ, ನಾನಿದ್ದೇನೆ’ ಎಂದು ಹತ್ತು ಸಲವಾದರೂ ಹೇಳಿರಬೇಕು. ಅವಳ ಎರಡೂ ಕೈ ಹಿಡಿದು ತೇಲಿಸುತ್ತಿದ್ದಾಗ ನನ್ನ ಮೊಣಕಾಲಿಗೆ ನುಣುಪಾದದ್ದೇನೋ ಸುತ್ತಿಕೊಂಡಿತು. ಕೊಡವಿದೆ, ಇನ್ನೂ ಬಿಗಿಯಾಯಿತು. ‘ಸಾಂಪ್! ಸಾಂಪ್!’ ಎಂದು ಕಿರುಚಿ, ಮಗಳ ಕೈ ಬಿಟ್ಟು ದಡದ ಕಡೆ ಓಡಿದೆ. ನಾಲ್ಕು ಹೆಜ್ಜೆಗೇ ಮುಗ್ಗರಿಸಿ ಬಿದ್ದೆ. ಹಿಂದಿನಿಂದ ‘ಅಬ್ಬಾ!’ ಎಂಬ ಕೂಗು ಕೇಳಿಸಿತು. ಕನ್ನಡದಲ್ಲಿ ಅದು ಭಯದ ಉದ್ಗಾರ. ನಮ್ಮ ಮನೆಯಲ್ಲಿ ಅದು ತಂದೆಯನ್ನು ಕರೆಯುವ ಮಾತು.

ಬಲೆಯ ಬಳಿಯಿದ್ದ ಅದೇ ಯುವಕ, ನಾನು ಯಾವ ಕಡೆಯಿಂದ ಓಡಿಬರುತ್ತಿದ್ದೆನೋ ಆ ಕಡೆಗೇ ಓಡಿದ. ಅಲೆಯಡಿ ಸಿಕ್ಕಿದ್ದ ಮಗಳನ್ನು ಎತ್ತಿ ನಿಲ್ಲಿಸಿದ. ಆಮೇಲೆ ನನ್ನ ಕಾಲಿನ ಹಾವನ್ನು ಬಿಡಿಸಿ, ಚೆನ್ನಾಗಿ ಹಿಂಡಿ, ನನ್ನ ಕೈಗೆ ಕೊಟ್ಟ. ಅದು ಮಗಳು ನಡುವಿಗೆ ಬಿಗಿದುಕೊಂಡಿದ್ದ ಹಸಿರು ದುಪಟ್ಟಾ!

ದಡವೆಲ್ಲ ನಕ್ಕಿತು. ರಾತ್ರಿ ಊಟದ ಹೊತ್ತಿಗೆ, ಲಾಡ್ಜಿನಲ್ಲೇ ಉಳಿದಿದ್ದ ನನ್ನ ಹೆಂಡತಿಗೆ ಮಗಳು ಇಡೀ ಪ್ರಸಂಗವನ್ನು ಅಭಿನಯಿಸಿ ತೋರಿಸಿದಳು. ನನ್ನ ಕಿರುಚಾಟ, ಬಿದ್ದ ಭಂಗಿ, ಹಿಂಡಿದ ದುಪಟ್ಟಾ ಎಲ್ಲವೂ ಅದರಲ್ಲಿತ್ತು. ನಾನು ಕೈ ಬಿಟ್ಟದ್ದು ಮಾತ್ರ ಇರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕರ್ಮವನ್ನು ನಿಯ್ಯತ್ತಿನಿಂದ ಅಳೆಯಬೇಕೆಂದು ಬಾಲ್ಯದಿಂದ ಕೇಳಿದವನು ನಾನು. ನನ್ನ ನಿಯ್ಯತ್ತಿನಲ್ಲಿ ಕೇಡಿರಲಿಲ್ಲ. ಯೋಚಿಸಲು ಸಮಯವೂ ಇರಲಿಲ್ಲ. ಮುಳುಗುತ್ತಿರುವವನು ತನ್ನನ್ನು ಉಳಿಸಲು ಬಂದವನನ್ನೇ ಅದುಮಿ ಮೇಲೇರಲು ನೋಡುತ್ತಾನೆ. ಅದಕ್ಕೇ ಜೀವರಕ್ಷಕರು ಅವನ ಕೈಗೆ ಸಿಗದೆ ಟ್ಯೂಬನ್ನೋ ಹಗ್ಗವನ್ನೋ ಚಾಚುತ್ತಾರೆ. ಅಂಥವನನ್ನು ಯಾರೂ ಪಾಪಿ ಎನ್ನುವುದಿಲ್ಲ. ಹೀಗೆಂದುಕೊಂಡು ನನ್ನನ್ನು ನಾನೇ ಕ್ಷಮಿಸಿಕೊಳ್ಳಬಹುದಿತ್ತು.

ಆದರೆ ಆ ಯುವಕ ಅಡ್ಡ ಬಂದ. ಯೋಚಿಸಲು ಅವನಿಗೂ ಸಮಯವಿರಲಿಲ್ಲ. ಅದು ದುಪಟ್ಟಾ ಎಂದು ಅವನಿಗೂ ಗೊತ್ತಿರಲಿಲ್ಲ. ಹಾವು ತಾನಾಗಿ ಮೇಲೆ ಬೀಳದೆಂದು ಅವನಿಗೆ ತಿಳಿದಿತ್ತು ನಿಜ. ಬೆಳಿಗ್ಗೆ ಅವನೇ ಅದನ್ನು ನನಗೂ ತಿಳಿಸಿದ್ದನಲ್ಲ! ಆ ತಿಳಿವು ನನ್ನ ಕಿವಿಯಲ್ಲೇ ನಿಂತಿತ್ತು, ಅವನ ಕೈಕಾಲಿಗೆ ಇಳಿದಿತ್ತು.

1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿ ತಮ್ಮ ‘ಇಹ್ಯಾ’ದಲ್ಲಿ ಸ್ವಭಾವದ ಬಗ್ಗೆ ಬರೆಯುತ್ತ ಲಿಪಿಕಾರನ ಉದಾಹರಣೆ ಕೊಡುತ್ತಾರೆ. ಅಂದದ ಅಕ್ಷರ ಮೊದಲು ಪ್ರಯಾಸದ ಅನುಕರಣೆ. ಬರೆದು ಬರೆದು ಕೊನೆಗೆ ಅದೇ ಅವನ ಸಹಜ ಗುಣವಾಗುತ್ತದೆ. ಒಳ್ಳೆಯತನವೂ ಹಾಗೆಯೇ. ಹಾಗಾದರೆ ಗಾಬರಿಯ ಕ್ಷಣಕ್ಕೆ ನಾನು ಹೊಣೆಯಲ್ಲದಿರಬಹುದು, ಅದರ ಹಿಂದಿನ ವರ್ಷಗಳಿಗೆ ಖಂಡಿತ ಹೊಣೆ. ರಾತ್ರಿ ಮಗು ಅತ್ತಾಗ ಅವಳಮ್ಮ ಏಳಲೆಂದು ಮಗ್ಗುಲು ಬದಲಿಸಿದ್ದೆ. ಜ್ವರದ ದಿನ ಕತೆ ಮುಗಿಸಬೇಕೆಂದು ಬಾಗಿಲು ಹಾಕಿಕೊಂಡಿದ್ದೆ. ಕೈ ಬಿಡುವ ಅಭ್ಯಾಸ ಕಡಲಿನಲ್ಲಿ ಶುರುವಾದದ್ದಲ್ಲ.

ಬೆಳಿಗ್ಗೆ ಮಗಳಿಗೆ, ‘ನಿನ್ನೆ ನಾನು ನಿನ್ನ ಕೈ ಬಿಟ್ಟೆ ಬೇಟಿ’ ಎಂದೆ.

‘ಗೊತ್ತು ಅಬ್ಬಾ’ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇವತ್ತು ದುಪಟ್ಟಾ ಇಲ್ಲೇ ಇಟ್ಟು ಬರ್ತೀನಿ’ ಎಂದಳು.

ಮತ್ತೆ ನೀರಿಗಿಳಿದೆವು. ಈ ಸಲ ‘ನಾನಿದ್ದೇನೆ’ ಎಂದು ಹೇಳಲಿಲ್ಲ. ಕೈ ಹಿಡಿದುಕೊಂಡೆ, ಅಷ್ಟೆ.